ಬಾಣಲಿಯ ಮುಂದಿನ ಕಣ್ಣು

ಕಂಪ್ಯೂಟರಿನೊಳಗೆ ಜವರಮ್ಮನ ಬಲಗಣ್ಣು ಸೊಗಸಾಗಿತ್ತು. ಹಚ್ಚ ಹಸಿರು, ಎಲ್ಲೂ ಒಂದು ಚೂರು ಕಲೆಯಿಲ್ಲ, ಔಷಧಿ ಮುಕ್ಕಾಲು ಪಾಲು ಇನ್ನೂ ಉಳಿದಿದೆ ಎಂದು ಪಕ್ಕದಲ್ಲೇ ಬರೆದಿತ್ತು. ಕಂಪ್ಯೂಟರಿನ ಹೊರಗೆ, ಅದೇ ಕಟ್ಟಡದ ಗೇಟಿನೆದುರು, ಅದೇ ಜವರಮ್ಮ ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯನ್ನು ಎಣ್ಣೆಗೆ ಬಿಡುವ ಬದಲು ಬಾಣಲಿಯ ಆಚೆ, ಉರಿಯುವ ಒಲೆಯ ಮೇಲೆ ಬಿಟ್ಟಳು.

"ಥೂ, ಇದರ ಮನೆ ಹಾಳಾಗ" ಎಂದು ಒಲೆಗೇ ಬೈದಳು.

ಎರಡನೆಯ ಮಹಡಿಯಿಂದ ಟೀ ಕುಡಿಯಲು ಇಳಿದು ಬಂದಿದ್ದ ಮಗಳು ಮೇದಿನಿ ಅದನ್ನು ಕಂಡಳು. ಜವರಮ್ಮನಿಗೆ ಉಳಿದಿದ್ದುದು ಬಲಗಣ್ಣೊಂದೇ. ಎಡಗಣ್ಣು ಹಿಂದೆಯೇ ಹೋಗಿತ್ತು.

"ಅವ್ವ, ಕಣ್ಣು ಮಂಜಾಗ್ತಿದ್ಯಾ?"

"ಹೊಗೆ ಕಣವ್ವ. ಎಣ್ಣೆ ಹೊಗೆ."

"ಸುಳ್ಳು ಹೇಳ್ಬೇಡ. ಆ ಲೈಟುಕಂಬ ನೋಡು. ನೆಟ್ಟಗಿದ್ಯಾ, ಸೊಟ್ಟಗಿದ್ಯಾ?"

ಜವರಮ್ಮ ಕಂಬದ ಕಡೆ ಮುಖ ತಿರುಗಿಸಿ, "ಕಂಟ್ರಾಟ್ರು ದುಡ್ಡು ತಿಂದವ್ನೆ. ಅದು ಸೊಟ್ಟಗೇ ಇರೋದು" ಎಂದಳು. ಬಜ್ಜಿ ಕಾಯುತ್ತ ನಿಂತಿದ್ದವರು ನಕ್ಕರು. ಕಂಬ ಎಳೆದು ಕಟ್ಟಿದ ದಾರದಷ್ಟು ನೆಟ್ಟಗಿತ್ತು. ಗೆರೆ ಡೊಂಕಾಗಿ ಕಾಣುವುದೆಂದರೆ ಕಣ್ಣಿನ ಹಿಂಪರದೆಯ, ಎಂದರೆ ರೆಟಿನಾದ, ಕೆಳಗೆ ರಕ್ತನಾಳ ಮತ್ತೆ ಸೋರುತ್ತಿದೆ ಎಂದೇ ಅರ್ಥ. ಆದರೆ ಸೋರುವ ಹಾಗಿಲ್ಲವಲ್ಲ! ಔಷಧಿ ಮುಕ್ಕಾಲು ಪಾಲು ಒಳಗೇ ಇದೆಯಲ್ಲ! ಹಾಗೆಂದು ಲೆಕ್ಕ ಹಾಕಿದ ಯಂತ್ರವನ್ನು ನಡೆಸುವ ಹತ್ತು ಜನರಲ್ಲಿ ಅವಳೂ ಒಬ್ಬಳು.

ಪಡಿಗಣ್ಣು ಎಂದರೇನು ಎಂದು ಮಂಡ್ಯದಲ್ಲಿ ಈಗ ಯಾರನ್ನು ಕೇಳಿದರೂ ಹೇಳುತ್ತಾರೆ. ವಯಸ್ಸಾದವರ ಕಣ್ಣಿನ ಹಿಂಪರದೆಯ ಕೆಳಗೆ ಬೇಡದ ರಕ್ತನಾಳಗಳು ಹುಟ್ಟಿ, ಸೋರಿ, ನೋಟದ ನಟ್ಟನಡುವಿಗೇ ಕಪ್ಪು ಬಳಿಯುವ ಕಾಯಿಲೆಗೆ ಮದ್ದು ಮೊದಲಿನಿಂದಲೂ ಇತ್ತು. ಆ ನಾಳಗಳಿಗೆ 'ಬೆಳೆ' ಎಂದು ಹೇಳುವ ಸಂದೇಶವನ್ನೇ ಹಿಡಿದು ಕಟ್ಟಿಹಾಕುವ ಪ್ರತಿಕಾಯ. ತಿಂಗಳು ತಿಂಗಳೂ ಕಣ್ಣಿಗೆ ಸೂಜಿ ಚುಚ್ಚಿಸಿಕೊಳ್ಳಬೇಕಿತ್ತು. ಆಮೇಲೆ ಮಣಿ ಬಂತು. ಅಕ್ಕಿನುಚ್ಚಿಗಿಂತ ಸಣ್ಣದಾದ ಅಂಟುಮಣಿಯಲ್ಲಿ ಪ್ರತಿಕಾಯ ತುಂಬಿ ಕಣ್ಣೊಳಗೆ ಬಿಟ್ಟರೆ ಅದು ಆರು ತಿಂಗಳು ಚೂರು ಚೂರೇ ಜಿನುಗುತ್ತದೆ. ಜಿನುಗಿದ್ದು ತಾಟಿನಿಂಗಿನ ತಿರುಳಿನಂಥ ಲೋಳೆಯಲ್ಲಿ ತೆವಳಿಕೊಂಡು ಒಂದಿಷ್ಟು ಹಿಂಪರದೆ ಸೇರುತ್ತದೆ. ಉಳಿದದ್ದು ಮುಂದಕ್ಕೆ ಸರಿದು, ಕಣ್ಣಿನ ನೀರು ಇಳಿಯುವ ತೂಬಿನಲ್ಲಿ ಇಳಿದು ರಕ್ತಕ್ಕೆ ಹೋಗುತ್ತದೆ. ಯಾವ ಕಡೆಗೆ ಎಷ್ಟು ಹೋಯಿತೆಂದು ಬದುಕಿರುವ ಕಣ್ಣಿನೊಳಗೆ ಇಳಿದು ಅಳೆಯುವವರು ಯಾರು? ಅದಕ್ಕೇ ಪಡಿಗಣ್ಣು. ರೋಗಿಯ ಕಣ್ಣಿನ ಅಳತೆ ತೆಗೆದು, ಕಂಪ್ಯೂಟರಿನಲ್ಲಿ ಅಂಥದ್ದೇ ಕಣ್ಣೊಂದನ್ನು ಕಟ್ಟಿ, ಅದನ್ನು ಲಕ್ಷಾಂತರ ಪುಟ್ಟ ಕೋಣೆಗಳಾಗಿ ಸೀಳಿ, ಒಂದು ಕೋಣೆಯಿಂದ ಪಕ್ಕದ ಕೋಣೆಗೆ ಔಷಧಿ ಎಷ್ಟು ದಾಟಿತು ಎಂದು ಲೆಕ್ಕ ಹಾಕುತ್ತ ಹೋಗುವುದು. ಜಾಣ ಕೆಲಸ. ಮೇದಿನಿಗೆ ಅದರ ಮೇಲೆ ಹೆಮ್ಮೆಯೂ ಇತ್ತು.

ಲೆಕ್ಕ ಲೆಕ್ಕವಾಗಿಯೇ ಉಳಿದಿದ್ದರೆ ಯಾರದ್ದೂ ತಕರಾರಿರಲಿಲ್ಲ. ಸರ್ಕಾರ ಅದರ ಕೈಗೆ ಬೀಗ ಕೊಟ್ಟಿತು. ಮಣಿ ದುಬಾರಿ, ಪೋಲಾಗಬಾರದು ಎಂಬ ನೆಪ. ಪ್ರತಿ ಸರ್ಕಾರಿ ಕಣ್ಣಾಸ್ಪತ್ರೆಯಲ್ಲೂ ಒಂದು ತಂಪುಪೆಟ್ಟಿಗೆ ಇಟ್ಟರು. ರೋಗಿ ಅದರ ಮುಂದೆ ಮುಖ ಹಿಡಿಯಬೇಕು. ಔಷಧಿ ಮುಗಿದಿದೆ ಎಂದು ಪಡಿಗಣ್ಣು ಹೇಳಿದರೆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ಡಾಕ್ಟರು ಎದುರಿಗೇ ಇರಲಿ, ಮಣಿ ಗಾಜಿನಾಚೆ ಕಾಣುತ್ತಲೇ ಇರಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ, ಹಾಗೆ.

ಅವತ್ತು ಮಂಗಳವಾರ, ಜಿಲ್ಲೆಯ ಕಣ್ಣಾಸ್ಪತ್ರೆಯಲ್ಲಿ ಮಣಿಯ ದಿನ. ಮೇದಿನಿ ಒಲೆ ಆರಿಸಿ, ಅವ್ವ ಬೈಯುತ್ತಿದ್ದರೂ ಕೇಳದೆ ಆಟೋ ಹತ್ತಿಸಿದಳು. ಡಾಕ್ಟರ್ ಫರ್ಹಾನಾ ಕಣ್ಣಿನ ಸ್ಕ್ಯಾನ್ ತೆಗೆದು ಪರದೆಯನ್ನು ಮೇದಿನಿಯ ಕಡೆ ತಿರುಗಿಸಿದಳು. ಹಿಂಪರದೆಯ ನಡುವೆ ನೀರು ತುಂಬಿ, ಒದ್ದೆ ಗೋಡೆಯ ಸುಣ್ಣದ ಹಾಗೆ ಉಬ್ಬಿಕೊಂಡಿತ್ತು.

"ಈ ವಾರವೇ ಇನ್ನೊಂದು ಮಣಿ ಹಾಕ್ಬೇಕು. ಹೋಗಿರೋದು ಬರಲ್ಲ. ಇರೋದನ್ನ ಉಳಿಸ್ಕೋಬಹುದು. ತಡ ಮಾಡಿದ್ರೆ ಅದೂ ಇಲ್ಲ" ಎಂದಳು ಫರ್ಹಾನಾ.

ಜವರಮ್ಮ ಪೆಟ್ಟಿಗೆಯ ಮುಂದೆ ಮುಖ ಹಿಡಿದಳು. ಜೇನಿನಲ್ಲಿ ಅದ್ದಿ ತೆಗೆದಂಥ ಹೆಣ್ಣುದನಿ ಹೇಳಿತು: "ಜವರಮ್ಮನವರೇ, ನಿಮ್ಮ ಕಣ್ಣಿನಲ್ಲಿ ಔಷಧಿ ಸಾಕಷ್ಟಿದೆ. ಚಿಂತೆ ಬೇಡ. ಶುಭದಿನ."

"ಯಾರವ್ವ ಅವ್ಳು? ಒಳಗ್ ಕುಂತವ್ಳಾ?" ಎಂದಳು ಜವರಮ್ಮ.

"ಮೇಡಂ, ತುರ್ತು ಅಂತ ನಮ್ಮ ಪಡಿಗಣ್ಣು ಕೇಂದ್ರಕ್ಕೆ ಬರೀರಿ. ಬೀಗ ತೆಗೆಯೋ ಅಧಿಕಾರ ಅಲ್ಲಿದೆ" ಎಂದಳು ಮೇದಿನಿ.

ಫರ್ಹಾನಾ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬರೀರಿ ಅಂತೀರಲ್ಲ, ಬರೆದೂ ಬರೆದೂ ನನ್ನ ಬೆರಳು ಸವೆದಿದೆ. 'ಸ್ಕ್ಯಾನ್ ಸರಿಯಾಗಿ ತೆಗೆಯಿರಿ' ಅಂತ ಒಂದೇ ಉತ್ತರ ಬರುತ್ತೆ. ನನಗೆ ಸ್ಕ್ಯಾನ್ ತೆಗೆಯೋಕೆ ಬರಲ್ವಾ? ಹೊರಗೆ ನೋಡಿ. ಅಲ್ಲಿ ಕೂತಿರೋರೆಲ್ಲ ನೀವು ವಾಪಸ್ ಕಳಿಸಿದವರೇ. ಪ್ರತಿ ಮಂಗಳವಾರ ಬರ್ತಾರೆ, ಆ ಪೆಟ್ಟಿಗೆ ಹತ್ರ ಶುಭದಿನ ಹೇಳಿಸ್ಕೊಂಡು ಹೋಗ್ತಾರೆ."

ಮೇದಿನಿ ಹೊರಗೆ ಬಂದು ನೋಡಿದಳು. ಉದ್ದ ಬೆಂಚಿನ ಮೇಲೆ ಹತ್ತು ಹನ್ನೆರಡು ಜನ ಕೂತಿದ್ದರು. ಮೊದಲಿಗೆ ಅವಳಿಗೆ ಕಂಡದ್ದು ಅವರ ಕಣ್ಣಲ್ಲ, ಕೈ. ಒಬ್ಬೊಬ್ಬರ ಮುಂಗೈ ಮೇಲೂ ಹಳೆಯ ಸುಟ್ಟ ಕಲೆ. ಗಿಡ್ಡನೆಯ ಮುದುಕನ ಮಣಿಕಟ್ಟಿನ ಮೇಲೆ ಉದ್ದಕ್ಕೆ ಎಳೆದ ಬರೆ. ಪಕ್ಕದ ಹೆಂಗಸಿಗೆ ಮೊಣಕೈವರೆಗೂ ಚುಕ್ಕಿ ಚುಕ್ಕಿ. ಅವಳು ತಿರುಗಿ ಅವ್ವನ ಕೈ ನೋಡಿದಳು. ಎಣ್ಣೆ ಸಿಡಿದ ಅದೇ ಚುಕ್ಕಿಗಳು.

"ನಿಮ್ಮ ಕೆಲಸ ಏನು ಯಜಮಾನ್ರೇ?" ಎಂದು ಗಿಡ್ಡ ಮುದುಕನನ್ನು ಕೇಳಿದಳು.

"ಇಸ್ತ್ರಿ ಕಣವ್ವ. ಇದ್ಲು ಇಸ್ತ್ರಿ. ಮಾಚಯ್ಯ ಅಂತಾರೆ" ಎಂದ. ಹೆಂಗಸು ಬೇಕರಿಯ ಒಲೆಯವಳು. ಆ ತುದಿಯವನು ಆಲೆಮನೆಯಲ್ಲಿ ಬೆಲ್ಲ ಕುದಿಸುವವನು. ಆಚೆಯವಳು ಇಟ್ಟಿಗೆ ಗೂಡಿನವಳು. ಅವಳ ಪಕ್ಕದವನು ಕಲ್ಯಾಣಮಂಟಪಗಳಲ್ಲಿ ಅಡಿಗೆಯವನು.

ಒಬ್ಬನಾದರೂ ಫ್ಯಾನಿನ ಕೆಳಗೆ ಕೂತು ಉಣ್ಣುವವನು ಇರಲಿಲ್ಲ. ಮೇದಿನಿಗೆ ಅಲ್ಲೇ ಅರ್ಥವಾಯಿತು. ಅರ್ಥವಾದದ್ದಕ್ಕೆ ಪಿತ್ತ ನೆತ್ತಿಗೇರಿತು.

ಮಾರನೆಯ ದಿನ ಅವಳು ಕಚೇರಿಯಿಂದ ಶಾಖ ಅಳೆಯುವ ಕ್ಯಾಮೆರಾ ತಂದು ಗಾಡಿಯ ಪಕ್ಕ ನಿಂತಳು. ಜವರಮ್ಮ ಬಾಣಲಿಗೆ ಬಗ್ಗಿ ಜಾಲರಿಯಾಡಿಸುವಾಗ ಅವಳ ಕಣ್ಣಿನ ಮೇಲ್ಮೈ ಎಷ್ಟು ಬಿಸಿಯಾಗುತ್ತದೆ ಎಂದು ಹಿಡಿದಳು. ಬೆಳಿಗ್ಗೆ ಹಿಡಿದಳು, ಮಧ್ಯಾಹ್ನ ಹಿಡಿದಳು, ಸಂಜೆ ಗಿರಾಕಿ ಮುತ್ತಿಕೊಂಡಾಗ ಹಿಡಿದಳು.

"ಫೋಟೋ ತೆಗಿಯದಾದ್ರೆ ಹೇಳ್ಬಾರ್ದಾ, ತಲೆ ಬಾಚ್ಕತಿದ್ದೆ" ಎಂದಳು ಜವರಮ್ಮ.

ಆಮೇಲೆ ನಿಯಂತ್ರಣ ಕೋಣೆಗೆ ಹೋಗಿ ಅವ್ವನ ಪಡಿಗಣ್ಣನ್ನು ಬಿಚ್ಚಿದಳು. ಒಳಗೆ, ಎಲ್ಲ ಲೆಕ್ಕದ ಬುಡದಲ್ಲಿ, ಒಂದು ಅಂಕಿ ಕೂತಿತ್ತು: ಮೂವತ್ತನಾಲ್ಕು ಡಿಗ್ರಿ. ಕಣ್ಣಿನ ಮುಂಭಾಗದ ಶಾಖ. ರಾಜ್ಯದ ಪ್ರತಿ ಪಡಿಗಣ್ಣಿನಲ್ಲೂ ಅದೇ ಅಂಕಿ. ಮಣಿಯ ಕಂಪನಿ ತನ್ನ ಪರೀಕ್ಷೆಯನ್ನು ತಂಪಾದ ವಾರ್ಡಿನಲ್ಲಿ, ಹಾಸಿಗೆಯ ಮೇಲೆ ಒರಗಿ ಟಿವಿ ನೋಡುತ್ತಿದ್ದವರ ಮೇಲೆ ಮಾಡಿತ್ತು. ಅವರ ಕಣ್ಣು ಮೂವತ್ತನಾಲ್ಕು ಡಿಗ್ರಿ ಇತ್ತು. ಅದೇ ಅಂಕಿ ಹಡಗು ಹತ್ತಿ ಬಂದು ಇಲ್ಲಿ ಬೀಗದೊಳಗೆ ಕೂತಿತ್ತು. ಬದಲಾಯಿಸಲು ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವುದು ಹೇಗೆ? ಕೇಂದ್ರದ ಕೋಣೆಗಳಲ್ಲಿ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಕೂರಬೇಕು.

ಮಣಿ ಅಂಟಿನದು. ಬಿಸಿ ತಾಗಿದರೆ ಮುದುರಿಕೊಂಡು ಬೆವರುತ್ತದೆ. ಬೆವರಿದಷ್ಟೂ ಪ್ರತಿಕಾಯ ಸೋರಿ, ಲೋಳೆ ದಾಟಿ, ತೂಬಿಳಿದು ಹೋಗುತ್ತದೆ. ಮೇದಿನಿ ಮೂವತ್ತನಾಲ್ಕನ್ನು ಅಳಿಸಿ ಬಾಣಲಿಯ ಮುಂದೆ ಅಳೆದ ಶಾಖವನ್ನು ಗಂಟೆಗಂಟೆಗೂ ತುಂಬಿ ಗುಂಡಿ ಒತ್ತಿದಳು. ಹಸಿರು ಕಣ್ಣು ಮೊದಲು ಹಳದಿಯಾಯಿತು, ಆಮೇಲೆ ಕೆಂಪಾಯಿತು. ಆರು ತಿಂಗಳ ಮಣಿ ಒಂದು ತಿಂಗಳಿಗೆಲ್ಲ ಬರಿದಾಗಿತ್ತು. ಆಮೇಲಿನ ದಿನಗಳಲ್ಲಿ ಅವ್ವನ ಕಣ್ಣಿನೊಳಗೆ ಏನೂ ಇರಲಿಲ್ಲ, ಖಾಲಿ ಸಿಪ್ಪೆ. ಅದರ ಮೇಲೆ ಚಿಂತೆ ಬೇಡ, ಶುಭದಿನ!

ಅವಳು ಮೇಜಿಗೆ ಗುದ್ದಿದ ರಭಸಕ್ಕೆ ಪಕ್ಕದವಳ ಕಾಫಿ ಚೆಲ್ಲಿತು.

ಸಂಜೆ ಮನೆಯಲ್ಲಿ ಆ ಸಿಟ್ಟೆಲ್ಲ ಅವ್ವನ ಮೇಲೆಯೇ ತಿರುಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

"ನಾಳೆಯಿಂದ ಗಾಡಿ ಬೇಡ. ಮುಗೀತು. ಎಷ್ಟು ವರ್ಷದಿಂದ ಬಡ್ಕೋತಾ ಇದ್ದೀನಿ!"

"ಬೇಡ ಅಂದ್ರೆ? ಕುಂತ್ಕಂಡು ಏನ್ ಮಾಡ್ಲಿ, ನಿನ್ ಟಿವಿ ನೋಡ್ಲಾ?" ಜವರಮ್ಮ ಸೊಪ್ಪು ಬಿಡಿಸುತ್ತಿದ್ದಳು. ಬಿಡಿಸಿದ ಎಲೆಯನ್ನು ಕಸದ ಕಡೆಗೂ ದಂಟನ್ನು ಪಾತ್ರೆಗೂ ಹಾಕುತ್ತಿದ್ದುದು ಅವಳಿಗೆ ಗೊತ್ತಾಗಲಿಲ್ಲ. "ಬಾಣ್ಲಿ ಮುಂದೆ ನಿಂತೇ ನಿನ್ನ ಓದಿಸ್ದೆ. ನಿಂತ್ರೆ ಕಣ್ಣು ಹೋಯ್ತದೆ ಅಂತ ಆಗ ಯಾರೂ ಹೇಳ್ನಿಲ್ಲ."

"ಕಣ್ಣಿನ ಕಾಯಿಲೆ ಬಾಣಲಿಯಿಂದ ಬಂದಿದ್ದಲ್ಲ ಅವ್ವ. ಔಷಧಿ ಬೇಗ ಖರ್ಚಾಗಿದ್ದು ಬಾಣಲಿಯಿಂದ."

"ಖರ್ಚಾದ್ರೆ ಇನ್ನೊಂದು ಹಾಕ್ಬೇಕು. ಎಣ್ಣೆ ಬತ್ತಿದ್ರೆ ಇನ್ನೊಸಿ ಹುಯ್ಯಕಿಲ್ವಾ? ನಿಮ್ ಕಂಪ್ಯೂಟ್ರಲ್ಲಿ ನನ್ ಕಣ್ಣು ಚೆಂದಾಗದೆ ಅಂದ್ಯಲ್ಲ, ಆ ಕಣ್ಣನ್ನೇ ತಂದ್ಕೊಡಂಗೆ. ಅದ್ರಲ್ಲೇ ನೋಡ್ಕತೀನಿ."

ಮೇದಿನಿ ಪಾತ್ರೆಯಿಂದ ದಂಟುಗಳನ್ನು ಒಂದೊಂದಾಗಿ ತೆಗೆದು ಹಾಕಿದಳು. ಅಳು ಬಂತು. ಅಳುವುದಕ್ಕಿಂತ ಬೈಯುವುದು ಮೇಲೆಂದುಕೊಂಡು ಮನಸ್ಸಿನಲ್ಲೇ ಬೈದಳು.

ಕೇಂದ್ರದ ನಿರ್ದೇಶಕ ಡಾಕ್ಟರ್ ಶ್ರೀಪತಿಯ ಕೋಣೆಗೆ ಅವಳು ಹಸಿರು ಕಣ್ಣು, ಕೆಂಪು ಕಣ್ಣು ಎರಡರ ಚಿತ್ರವನ್ನೂ ಹಿಡಿದು ಹೋದಾಗ ಅವನು ಶಾಲು ಹೊದ್ದು ತಟ್ಟೆಯಿಂದ ಬಜ್ಜಿ ತಿನ್ನುತ್ತಿದ್ದ. ಜವಾನ ಕೆಳಗಿನಿಂದ ತಂದುಕೊಡುತ್ತಿದ್ದ ಬಜ್ಜಿ. ಅವನು ಒಂದು ದಿನವೂ ಗೇಟು ದಾಟಿ ಗಾಡಿಯ ಹತ್ತಿರ ಹೋದವನಲ್ಲ.

ಅವನು ಸಮಾಧಾನವಾಗಿ ನೋಡಿದ, ಸಮಾಧಾನವಾಗಿ ಕೇಳಿದ. ಆ ಸಮಾಧಾನವೇ ಮೈಯುರಿಸುವಂಥದ್ದು.

"ಒಳ್ಳೆ ಕೆಲಸ ಮೇದಿನಿ. ಮುಂದಿನ ಆವೃತ್ತಿಗೆ ಸೇರಿಸೋಣ."

"ಮುಂದಿನದು ಅಂದ್ರೆ ಯಾವಾಗ ಸಾರ್?"

"ಮತ್ತೆ ಪರೀಕ್ಷೆ ಆಗಬೇಕು, ಒಪ್ಪಿಗೆ ಆಗಬೇಕು. ಎರಡು ವರ್ಷ ಅಂತಿಟ್ಕೊಳ್ಳಿ. ಅಲ್ಲ, ಒಲೆ ಮುಂದೆ ನಿಲ್ಲೋರು ಎಷ್ಟು ಜನ? ನೂರಕ್ಕೆ ಆರೋ ಏಳೋ. ಸರಾಸರಿ ಎಲ್ಲೂ ಅಲುಗಾಡಲ್ಲ. ಇನ್ನೂ ಐದು ರಾಜ್ಯ ನಮ್ಮ ಬೀಗ ತಗೊಳ್ಳೋಕೆ ಸಾಲಲ್ಲಿ ನಿಂತಿವೆ. ಈಗ ನಾವೇ ತಪ್ಪು ಅಂದ್ರೆ?"

"ಸರಾಸರಿಗೆ ಕಣ್ಣಿಲ್ಲ ಸಾರ್. ಈ ಆರೋ ಏಳೋ ಜನಕ್ಕಿದೆ. ಇತ್ತು. ಬೀಗ ತೆಗೀರಿ. ಡಾಕ್ಟರು ಸ್ಕ್ಯಾನ್ ನೋಡಿ ಕೊಡಲಿ."

"ಡಾಕ್ಟರ ಕೈಗೆ ಕೊಟ್ರೆ ಮೊದಲಿನ ಹಾಗೇ ಪೋಲಾಗುತ್ತೆ. ಆ ರೋಗಿಗೆ ಒಲೆ ಬಿಟ್ಟು ಆರು ತಿಂಗಳು ವಿಶ್ರಾಂತಿ ತಗೊಳ್ಳೋಕೆ ಹೇಳಿ."

"ವಿಶ್ರಾಂತಿ ತಗೊಂಡ್ರೆ ನಿಮಗೆ ಬಜ್ಜಿ ಯಾರು ಕರೀತಾರೆ ಸಾರ್? ನೀವು ತಿಂತಿರೋದು ಆ ರೋಗಿ ಕರಿದಿದ್ದೇ. ಅವರು ನಮ್ಮವ್ವ."

ಶ್ರೀಪತಿ ಅಗಿಯುವುದನ್ನು ನಿಲ್ಲಿಸಿದ. ಆಮೇಲೆ ಅವನ ಮುಖ ಅರಳಿತು. "ಅಯ್ಯೋ, ಮೊದಲೇ ಹೇಳ್ಬಾರದಾ! ನಮ್ಮ ಮನೆಯವರಿಗೇ ಮಾಡದೆ ಇರ್ತೀವಾ?" ಎಂದು ಬೆರಳೊರೆಸಿಕೊಂಡು, ಬೀಗಕ್ಕೆ ಅಪ್ಪಣೆ ಕೊಡುವ ತನ್ನ ಫಲಕಕ್ಕೆ ಹೆಬ್ಬೆಟ್ಟೊತ್ತಿದ. "ಆಯ್ತು ನೋಡಿ. ಮಂಗಳವಾರ ಕರ್ಕೊಂಡು ಹೋಗಿ, ಬಾಗಿಲು ತೆರೆಯುತ್ತೆ. ಯಾರಿಗೂ ಹೇಳೋಕೆ ಹೋಗಬೇಡಿ."

ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು! ಇಷ್ಟೇ ಇತ್ತಾ? ಒಂದು ಹೆಬ್ಬೆಟ್ಟಿನ ಕೆಲಸಕ್ಕೆ ಆ ಬೆಂಚಿನವರು ವಾರವಾರವೂ ಬಸ್ಸು ಹತ್ತಿ ಬರುತ್ತಿದ್ದರಾ? ಮೇದಿನಿಗೆ ಅವನ ತಟ್ಟೆಯನ್ನು ಎತ್ತಿ ಗೋಡೆಗೆ ಅಪ್ಪಳಿಸಬೇಕೆನಿಸಿತು. ಅಪ್ಪಳಿಸಲಿಲ್ಲ. ಅವ್ವನ ಕಣ್ಣು ಉಳಿಯುತ್ತದೆ ಎಂಬ ಆಸೆ ಕೈ ಹಿಡಿದುಕೊಂಡಿತು. "ಥ್ಯಾಂಕ್ಸ್ ಸಾರ್" ಎಂದಳು.

ಮಂಗಳವಾರ ಬೆಂಚು ತುಂಬಿತ್ತು. ಅವರ ಸರದಿಗಿಂತ ಮುಂದೆ ಮಾಚಯ್ಯ ಪೆಟ್ಟಿಗೆಯ ಮುಂದೆ ನಿಂತು, ಟವೆಲಿನಿಂದ ಮುಖ ಒರೆಸಿ, ಫೋಟೋಗೆ ನಿಂತವನ ಹಾಗೆ ನೆಟ್ಟಗಾದ. "ಮಾಚಯ್ಯನವರೇ, ನಿಮ್ಮ ಕಣ್ಣಿನಲ್ಲಿ ಔಷಧಿ ಸಾಕಷ್ಟಿದೆ. ಚಿಂತೆ ಬೇಡ. ಶುಭದಿನ."

"ಇನ್ನೊಂದ್ ಕಿತ ನೋಡವ್ವ, ತಾಯಿ. ನಿನ್ ಮೊಖನೇ ಕಾಣಾಕಿಲ್ಲ ನಂಗೆ" ಎಂದು ಮಾಚಯ್ಯ ಪೆಟ್ಟಿಗೆಗೆ ಕೈ ಮುಗಿದ. ಪೆಟ್ಟಿಗೆ ಇನ್ನೊಮ್ಮೆ ಶುಭದಿನ ಹೇಳಿತು. ಅವನು ಗೋಡೆ ಸವರಿಕೊಂಡು ಬಂದು ಬೆಂಚಿನಲ್ಲಿ ಕೂತ.

ಆಮೇಲೆ ಜವರಮ್ಮ ಮುಖ ಹಿಡಿದಳು. ಕಟಕ್ ಎಂದು ಬೀಗ ಬಿಚ್ಚಿ ಬಾಗಿಲು ತೆರೆಯಿತು. ತಣ್ಣನೆಯ ಗಾಳಿ ಹೊರಗೆ ಬಂತು. ಒಳಗೆ ಸಾಲಾಗಿ ಮಣಿಯ ಬಾಟಲಿಗಳು. ಬೆಂಚಿನವರೆಲ್ಲ ಎದ್ದು ನಿಂತರು. ಫರ್ಹಾನಾ ಒಂದು ಬಾಟಲಿ ತೆಗೆದುಕೊಂಡಳು.

"ನಂಗ್ಯಾಕೆ ತೆರೀತು?" ಜವರಮ್ಮ ಮಗಳನ್ನು ಕೇಳಿದಳು.

"ಬಾ ಅವ್ವ, ಒಳಗೆ ಹೋಗೋಣ."

"ಯಾಕೆ ತೆರೀತು ಅಂತ ಕೇಳ್ದೆ. ಹೋದ್ವಾರ ನಂಗೂ ಇಲ್ಲ ಅಂತು. ಈ ಅಣ್ಣಂಗೆ ಈಗ್ಲೂ ಇಲ್ಲ ಅಂತು. ನಂದೂ ಅವಂದೂ ಒಂದೇ ಕಾಯ್ಲೆ ಅಂದ್ಯಲ್ಲ, ಒಂದೇ ಬಿಸಿ ಅಂದ್ಯಲ್ಲ."

ಸುಳ್ಳು ಹೇಳಬಹುದಿತ್ತು. ಮೇದಿನಿಗೆ ನಾಲಿಗೆ ಬರಲಿಲ್ಲ. "ನೀನು ನಮ್ಮವ್ವ ಅಂತ ತೆರೀತು" ಎಂದಳು.

ಜವರಮ್ಮ ಮುಖ ಸುಟ್ಟವಳ ಹಾಗೆ ಮಗಳ ಕಡೆ ತಿರುಗಿದಳು. "ಅಂಗಾದ್ರೆ ಇವ್ರಿಗೆ ನಿನ್ನಂಥ ಮಗಳಿಲ್ಲ ಅಂತ ಇವ್ರು ಕುರುಡ್ರಾಗ್ಬೇಕಾ? ಇದನ್ನ ಓದಕ್ಕಾ ನಿನ್ನ ಕಳಿಸ್ದೆ?"

ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಳ್ಳತೊಡಗಿತ್ತು. ಜವರಮ್ಮ ಒಂದು ಹೆಜ್ಜೆ ಹಿಂದಕ್ಕಿಟ್ಟು, ತನ್ನ ದಪ್ಪ ಸೊಂಟವನ್ನು ಬಾಗಿಲಿಗೂ ಚೌಕಟ್ಟಿಗೂ ನಡುವೆ ತುರುಕಿ ನಿಂತುಬಿಟ್ಟಳು. ಬಾಗಿಲು ಬಂದು ತಾಗಿತು, ಹಿಂದೆ ಸರಿಯಿತು, ಮತ್ತೆ ತಾಗಿತು. ಪೆಟ್ಟಿಗೆ ಕೂಗಿಕೊಳ್ಳತೊಡಗಿತು.

"ತಕ್ಕಳಿ ಡಾಕ್ಟ್ರೇ" ಎಂದಳು ಜವರಮ್ಮ. "ಮೊದ್ಲು ಮಾಚಣ್ಣಂಗೆ ಹಾಕಿ. ನಂದು ಎಲ್ಗೂ ಓಡೋಗಕಿಲ್ಲ."

ಫರ್ಹಾನಾ ಒಂದೇ ಒಂದು ಕ್ಷಣ ಮೇದಿನಿಯ ಮುಖ ನೋಡಿದಳು. ಈ ಮಣಿಯನ್ನು ಹೊರಗೆ ತೆಗೆದು ಪೇರಿಸಿಡುವಂತಿರಲಿಲ್ಲ. ಹೊರಗಿನ ಬಿಸಿಗೆ ಬಾಟಲಿಯಲ್ಲೇ ಬೆವರಿ ಬರಿದಾಗುತ್ತದೆ, ಐಸಿನ ಡಬ್ಬಿಗೆ ಹಾಕಿದರೆ ಒಡೆಯುತ್ತದೆ. ಒಂದು ತೆಗೆದು ಒಂದು ಹಾಕಬೇಕು. ಅಲ್ಲಿಯವರೆಗೆ ಬಾಗಿಲು ಬೀಗ ಬೀಳದ ಹಾಗೆ ನಿಲ್ಲಬೇಕು.

"ಸಿಸ್ಟರ್, ಆ ಸಂದಿಗೆ ಕಂಬಳಿ ಇಳಿಬಿಡಿ, ತಂಪು ಹೋಗಬಾರದು" ಎಂದಳು ಫರ್ಹಾನಾ. "ಸ್ಕ್ಯಾನ್‌ನಲ್ಲಿ ನೀರು ಕಂಡವರಿಗೆ ಮಾತ್ರ. ಮಾಚಯ್ಯ, ಬನ್ನಿ. ಒಬ್ಬೊಬ್ಬರ ಹೆಸರೂ ನಿಜವಾದ್ದೇ ಹಾಕ್ತೀನಿ. ಯಾರು ಕೇಳ್ತಾರೋ ಕೇಳಲಿ." ಹೇಳಿದವಳು ಕಿವಿಗೆ ಫೋನಿಟ್ಟುಕೊಂಡೇ ಒಳಗೆ ಹೋದಳು.

ಜವರಮ್ಮನ ಮುಖದಲ್ಲಿ ಬೆವರಿರಲಿಲ್ಲ. ಬೆನ್ನಿಗೆ ಹಿಮದಂಥ ಗಾಳಿ ಬಡಿಯುತ್ತಿತ್ತು. "ಆಹಾ, ಏನ್ ತಣ್ಣಗದೆ ಕಣೆ. ಇಲ್ಲೇ ಒಂದ್ ಗಾಡಿ ಹಾಕ್ಕಂಡ್ರೆ ಆಯ್ತದೆ" ಎಂದಳು. ಬೇಕರಿಯವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮೂವರಿಗೆ ಮಣಿ ಹಾಕಿದ ಹೊತ್ತಿಗೆ ಮೇದಿನಿಯ ಫೋನು ಕೂಗಿತು. ಶ್ರೀಪತಿ. ಸಮಾಧಾನವೆಲ್ಲ ಎಲ್ಲಿಗೆ ಹೋಗಿತ್ತೋ!

"ಏನ್ ನಡೀತಿದೆ ಅಲ್ಲಿ? ಬಾಗಿಲು ಮುಚ್ಚಿಸಿ!"

"ಮುಚ್ಚಕ್ಕಾಗ್ತಿಲ್ಲ ಸಾರ್. ಅಡ್ಡ ಇದೆ."

"ಏನಡ್ಡ?"

"ನಮ್ಮವ್ವ."

"ನೋಡಿ ಮೇದಿನಿ, ನಾನು ನಿಮ್ಮ ತಾಯಿಯ ಒಪ್ಪಿಗೆ ಈಗಲೇ ವಾಪಸ್ ತಗೋತೀನಿ. ಈ ಜನ್ಮದಲ್ಲಿ ಆ ಬೀಗ ಅವರಿಗೆ ತೆರೆಯಲ್ಲ. ಯೋಚನೆ ಮಾಡಿ. ಇರೋದು ಒಂದೇ ಕಣ್ಣು."

ಅವನು ಹಾಗೇ ಮಾಡುತ್ತಾನೆ ಎಂದು ಮೇದಿನಿಗೆ ಗೊತ್ತಿತ್ತು. ಒಂದು ಹೆಬ್ಬೆಟ್ಟಿನ ಕೆಲಸ. ಬಾಟಲಿಗಳು ಕಡಿಮೆಯಾಗುತ್ತಿದ್ದವು, ಬೆಂಚಿನಲ್ಲಿ ಇನ್ನೂ ಜನರಿದ್ದರು, ಅವ್ವ ಬಾಗಿಲು ಬಿಟ್ಟು ಬರುವ ಹಾಗಿರಲಿಲ್ಲ. ಬಿಟ್ಟರೆ ಬೀಗ ಬೀಳುತ್ತದೆ, ಬಿಡದಿದ್ದರೆ ಕೊನೆಗೆ ಅವಳಿಗೇ ಉಳಿಯುವುದಿಲ್ಲ.

"ಅವ್ವ, ಬಾ. ಮೊದಲು ನಿನ್ನದು ಆಗಲಿ. ನಾನು ಕೈ ಮುಗೀತೀನಿ."

"ನಾ ಬಂದ್ರೆ ಇದ್ನ ಯಾರು ಹಿಡ್ಕತಾರೆ? ನೀನಾ? ನಿನ್ ಕೆಲ್ಸ ಹೋಗಾಕಿಲ್ವಾ?" ಜವರಮ್ಮ ಹಲ್ಲು ಕಡಿದು ನಿಂತಳು. ಚಳಿಗೆ ಅವಳ ತುಟಿ ನಡುಗುತ್ತಿತ್ತು.

ಆಗ ಒಳಗಿನಿಂದ ಮಾಚಯ್ಯ ಬಂದ. ಒಂದು ಕಣ್ಣಿಗೆ ಹತ್ತಿಯ ಪಟ್ಟಿ. ಸಿಸ್ಟರ್ ಕೈ ಹಿಡಿದಿದ್ದಳು. ಅವನು ಬಾಗಿಲು ತಡವಿ, ಜವರಮ್ಮನ ಹೆಗಲು ತಡವಿ, "ಸರ್ಕೊ ತಾಯಿ. ನಾನ್ ನಿಂತ್ಕತೀನಿ. ಜಲ್ದಿ ಓಗು" ಎಂದ. ಅವಳು ಸರಿದ ಸಂದಿಗೆ ತನ್ನ ಗಿಡ್ಡ ಮೈಯನ್ನು ಅಡ್ಡ ಕೊಟ್ಟ. ಅವನ ಹಿಂದೆ ಪಟ್ಟಿ ಕಟ್ಟಿಸಿಕೊಂಡ ಬೇಕರಿಯವಳು ಬಂದು, ಅವನಿಗೆ ಸುಸ್ತಾದರೆ ತಾನೆಂದು ಪಕ್ಕದಲ್ಲಿ ನಿಂತಳು. ಅವಳ ಪಕ್ಕಕ್ಕೆ ಆಲೆಮನೆಯವನು.

ಮೇದಿನಿ ಅವ್ವನನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಒಳಗೆ ಓಡಿದಳು. "ಮೇಲೆ ನೋಡಿ" ಎಂದಳು ಫರ್ಹಾನಾ. ಜವರಮ್ಮ ಮಗಳ ಮುಂಗೈಯನ್ನು ಉಗುರು ನಾಟುವ ಹಾಗೆ ಹಿಡಿದುಕೊಂಡಳು. ಸೂಜಿ ಹೋಯಿತು, ಬಂತು. ಅಷ್ಟೇ. ಪಡಿಗಣ್ಣಿನ ಅಪ್ಪಣೆಯಿಲ್ಲದೆ, ಸರಾಸರಿಯ ಒಪ್ಪಿಗೆಯಿಲ್ಲದೆ, ಮಣಿ ಕಣ್ಣು ಸೇರಿತು.

ಮೇದಿನಿ ಹೊರಗೆ ಬಂದು, "ಎಲ್ಲ ಹೋಗಿ ಕೂತ್ಕೊಳ್ಳಿ, ಈಗ ನನ್ನ ಸರದಿ" ಎಂದು ಬಾಗಿಲಿಗೆ ತಾನೇ ಬೆನ್ನು ಕೊಟ್ಟಳು.

ಶ್ರೀಪತಿ ಕಾರಿನಲ್ಲಿ ಬಂದ. ಜೊತೆಗಿಬ್ಬರು ಕಾವಲಿನವರು. ಶಾಲು ಹೆಗಲಿನಿಂದ ಜಾರಿ ನೆಲ ಗುಡಿಸುತ್ತಿತ್ತು. ಪಟ್ಟಿ ಕಟ್ಟಿಕೊಂಡು ಸಾಲಾಗಿ ಕೂತವರನ್ನು ಕಂಡು ಒಂದು ಗಳಿಗೆ ನಿಂತ. ಅವರಲ್ಲಿ ಯಾರೂ ಅವನನ್ನು ನೋಡಲಿಲ್ಲ, ನೋಡುವ ಹಾಗೂ ಇರಲಿಲ್ಲ.

"ನಿಮ್ಮ ಕೆಲಸ ಇವತ್ತಿಗೆ ಮುಗೀತು. ಬಾಗಿಲು ಬಿಡಿ" ಎಂದ.

"ಬಿಡ್ತೀನಿ ಸಾರ್" ಎಂದು ಮೇದಿನಿ ಪಕ್ಕಕ್ಕೆ ಸರಿದು ಕಂಬಳಿ ಎತ್ತಿದಳು. ಒಳಗಿನ ಹಲಗೆಗಳು ಬರಿದಾಗಿದ್ದವು. "ಖಾಲಿ ಪೆಟ್ಟಿಗೆ. ಈಗ ಎಷ್ಟು ಬೀಗ ಬೇಕೋ ಹಾಕ್ಕೊಳ್ಳಿ."

ಬಾಗಿಲು ಕಟಕ್ ಎಂದು ಮುಚ್ಚಿಕೊಂಡಿತು. ಅದೇ ಹೊತ್ತಿಗೆ ಶ್ರೀಪತಿಯ ಜೇಬಿನಲ್ಲಿ ಫೋನು ಕೂಗಿತು. ನಿಯಂತ್ರಣ ಕೋಣೆಯ ಹುಡುಗಿಯ ದನಿ ಪಕ್ಕದವರಿಗೂ ಕೇಳುವಷ್ಟು ಜೋರಾಗಿತ್ತು. "ಸಾರ್, ಮದ್ದೂರಲ್ಲಿ ಬಾಗಿಲು ಮುಚ್ತಿಲ್ಲ. ಮಳವಳ್ಳಿಯಲ್ಲೂ. ಈಗ ಪಾಂಡವಪುರದ್ದೂ ಕೂಗ್ತಿದೆ. ಏನೋ ಅಡ್ಡ ಇದೆ ಅಂತ ತೋರಿಸ್ತಿದೆ ಸಾರ್, ಏನ್ ಮಾಡ್ಲಿ?"

ಶ್ರೀಪತಿ ಮೇದಿನಿಯನ್ನು ನೋಡಿದ. ಮೇದಿನಿಗೂ ಗೊತ್ತಿರಲಿಲ್ಲ. ಅವಳು ಒಳಕೋಣೆಯ ಬಾಗಿಲಿನತ್ತ ತಿರುಗಿದಳು.

ಫರ್ಹಾನಾ ಕೈಗವಸು ಬಿಚ್ಚಿ ಬುಟ್ಟಿಗೆ ಹಾಕುತ್ತ ಅಲ್ಲಿ ನಿಂತಿದ್ದಳು. "ನಾನೇನೂ ಮಾಡ್ಲಿಲ್ಲ ಸಾರ್" ಎಂದಳು. "ಯಾರಿಗಾದ್ರೂ ಒಬ್ಬರಿಗೆ ತೆರೆದಾಗ ಬಾಗಿಲಿಗೆ ಸೊಂಟ ಕೊಟ್ರೆ ಸಾಕು ಅಂತ ಒಂದೆರಡು ಫೋನ್ ಮಾಡಿದೆ, ಅಷ್ಟೇ."